ಅಣ್ಣನ ಮಜ್ಜೆ ಬಂದರೆ ಅಣ್ಣನ ಸ್ವಭಾವವೂ ಬರುತ್ತಾ?

ಪ್ರಶ್ನೆ: ನನ್ನ ತಂಗಿಗೆ ನಮ್ಮಣ್ಣನ ಅಸ್ಥಿಮಜ್ಜೆ ಕಸಿ ಮಾಡುತ್ತಾರಂತೆ. ಮಿದುಳಿನಲ್ಲಿ ಸಂದೇಶ ಒಯ್ಯುವ ಸೆರೊಟೋನಿನ್, ಹಿಸ್ಟಮಿನ್ ಎಂಬ ರಾಸಾಯನಿಕಗಳಿರುವ ಕೋಶಗಳು ಮಜ್ಜೆಯಲ್ಲೂ ಇವೆ ಎಂದು ಓದಿದೆ. ಕಸಿ ಆದಮೇಲೆ ಅವೇನಾಗುತ್ತವೆ? ಅವಳ ಮನಸ್ಸೂ ಬದಲಾಗುತ್ತಾ?

ಉತ್ತರ: ಇಲ್ಲ, ಸ್ವಭಾವ ಬರುವುದಿಲ್ಲ. ಆದರೆ ನೀವು ಓದಿದ್ದು ನಿಜ.

ಕೀಮೋ ಕೊಟ್ಟು ರೋಗಿಯ ರಕ್ತ ಹುಟ್ಟಿಸುವ ಕೋಶಗಳನ್ನು ಅಳಿಸುತ್ತಾರೆ. ಆಮೇಲೆ ದಾನಿಯ ಸ್ಟೆಮ್ ಸೆಲ್‌ಗಳನ್ನು (ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶಗಳನ್ನು) ರಕ್ತ ಏರಿಸುವ ಹಾಗೇ ನಾಳಕ್ಕೆ ಬಿಡುತ್ತಾರೆ. ಅವು ತಾವಾಗಿಯೇ ಮೂಳೆಯೊಳಗೆ ಹೋಗಿ ನೆಲೆಯೂರುತ್ತವೆ. ಹೊಸ ರಕ್ತಕಣಗಳು ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು.

ಈಗ ಪ್ಲೇಟ್‌ಲೆಟ್ ನೋಡಿ, ಅಂದರೆ ಮಜ್ಜೆಯಲ್ಲಿ ಹುಟ್ಟುವ, ರಕ್ತ ಹೆಪ್ಪುಗಟ್ಟಿಸುವ ಪುಟ್ಟ ಕಣ. ರಕ್ತದಲ್ಲಿರುವ ಸೆರೊಟೋನಿನ್ ಹೆಚ್ಚುಕಡಿಮೆ ಎಲ್ಲವೂ ಇದರೊಳಗೇ ಇರುತ್ತದೆ. ಆದರೆ ಪ್ಲೇಟ್‌ಲೆಟ್ ಅದನ್ನು ತಯಾರಿಸುವುದಿಲ್ಲ. ಕರುಳಿನಲ್ಲಿ ತಯಾರಾಗಿದ್ದನ್ನು ರಕ್ತದಿಂದ ಹೀರಿ ತುಂಬಿಕೊಳ್ಳುತ್ತದೆ. ಅಂದರೆ ಪ್ಲೇಟ್‌ಲೆಟ್ ಅಣ್ಣನದು, ಒಳಗಿನ ಸೆರೊಟೋನಿನ್ ತಂಗಿಯದೇ! ನನಗೆ ಇದು ತುಂಬ ಇಷ್ಟವಾದ ಸಂಗತಿ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಈ ಸೆರೊಟೋನಿನ್ ನೆರವಾಗುತ್ತದೆ. ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಹಾಗಾಗಿ ಮನಸ್ಸಿನ ಚಿಂತೆ ಬೇಡ.

ಹಿಸ್ಟಮಿನ್ ತುಂಬಿರುವ, ಅಲರ್ಜಿಯಾದಾಗ ಅದನ್ನು ಹೊರಬಿಡುವ ಮಾಸ್ಟ್ ಕೋಶಗಳ ಮೂಲವೂ ಮಜ್ಜೆಯೇ. ಅವು ಗಟ್ಟಿ ಜೀವ. ಚರ್ಮದಲ್ಲಿ ಹಳೆಯವೇ ತಿಂಗಳುಗಟ್ಟಲೆ ಉಳಿದು, ನಿಧಾನವಾಗಿ ದಾನಿಯವು ಬರುತ್ತವೆ. ದಾನಿಗಿದ್ದ ಅಲರ್ಜಿ ಕಸಿಯ ನಂತರ ರೋಗಿಗೆ ಬಂದ ಉದಾಹರಣೆಗಳೂ ಇವೆ. ಅಣ್ಣನಿಗೆ ಶೇಂಗಾ ಆಗದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ.

ಇನ್ನು ಮಜ್ಜೆಯೊಳಗಿನ ನರಗಳು. ರಕ್ತನಾಳದ ಜೊತೆಗೇ ಮೂಳೆಯೊಳಗೆ ಹೋಗುವ ಈ ಎಳೆಗಳು ನಾರ್‌ಅಡ್ರಿನಲಿನ್ ಎಂಬ ಸಂದೇಶ ಒಯ್ಯುವ ರಾಸಾಯನಿಕ ಬಿಡುತ್ತವೆ. ಸ್ಟೆಮ್ ಸೆಲ್‌ಗಳು ಯಾವಾಗ ಮಜ್ಜೆಯಿಂದ ಹೊರಗೆ ಹೊರಡಬೇಕು ಅನ್ನುವುದರಲ್ಲಿ ಇವುಗಳ ಪಾತ್ರವಿದೆ ಎಂದು 2006ರಲ್ಲಿ ಇಲಿಗಳಲ್ಲಿ ಗೊತ್ತಾಯಿತು. ಕಸಿಯಲ್ಲಿ ನರ ಬದಲಾಗುವುದಿಲ್ಲ, ತಂಗಿಯದೇ ಉಳಿಯುತ್ತದೆ. ಆದರೆ ಕೀಮೋದಿಂದ ಪೆಟ್ಟು ಬೀಳಬಹುದು. ಕೀಮೋದಿಂದ ಈ ನರಗಳಿಗೆ ಹಾನಿಯಾದ ಇಲಿಗಳಲ್ಲಿ ಕಸಿಯ ನಂತರ ರಕ್ತ ಚೇತರಿಸಿಕೊಳ್ಳುವುದು ಕುಂಠಿತವಾಯಿತೆಂದು 2013ರ ಅಧ್ಯಯನವೊಂದು ತೋರಿಸಿತು. ದಾನಿಯ ಕೋಶ ಚೆನ್ನಾಗಿದ್ದರಷ್ಟೇ ಸಾಲದು, ಅವು ಹೋಗಿ ಸೇರುವ ಜಾಗವೂ ಚೆನ್ನಾಗಿರಬೇಕು ಅಲ್ವಾ?

ಕಸಿಯ ನಂತರ ತಂಗಿ ಮಂಕಾಗಿ ಕೂತರೆ ಅಣ್ಣನ ಕೋಶಗಳನ್ನು ದೂರಬೇಡಿ. ವಾರಗಟ್ಟಲೆ ಒಂದೇ ಕೋಣೆ, ನಿದ್ದೆಯಿಲ್ಲದ ರಾತ್ರಿ, ಸ್ಟೀರಾಯ್ಡ್, ಇವೆಲ್ಲ ಮನಸ್ಸನ್ನು ಹಿಂಡುತ್ತವೆ. ಅದಕ್ಕೂ ಚಿಕಿತ್ಸೆ ಇದೆ, ಸುಮ್ನೆ ಸಹಿಸಿಕೊಳ್ಳಬೇಕಿಲ್ಲ. ಖಿನ್ನತೆಯ ಕೆಲವು ಮಾತ್ರೆಗಳು ಪ್ಲೇಟ್‌ಲೆಟ್ ಸೆರೊಟೋನಿನ್ ಹೀರುವುದನ್ನೂ ತಡೆಯುತ್ತವೆ, ರಕ್ತಸ್ರಾವದ ಅಪಾಯ ಸ್ವಲ್ಪ ಜಾಸ್ತಿಯಾಗುತ್ತದೆ. ಅವಳು ಈಗಾಗಲೇ ಅಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ. ಮಾತ್ರೆಯ ಚೀಟಿ ತಗೊಂಡು ಹೋಗಿ ಕಸಿ ಮಾಡುವ ಡಾಕ್ಟರಿಗೆ ತೋರಿಸಿ.