38 ಪಂದ್ಯಗಳಲ್ಲಿ ಒಬ್ಬ ಮ್ಯಾನೇಜರ್‌ನ ಅಳೆಯಬಹುದಾ?

2025ರ ಮೇ 21. ಸ್ಪೇನ್‌ನ ಬಿಲ್ಬಾವೊದಲ್ಲಿ ಯೂರೋಪಾ ಲೀಗ್ ಫೈನಲ್. ಟಾಟನ್‌ಹ್ಯಾಮ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಮುಖಾಮುಖಿ. 42ನೇ ನಿಮಿಷದಲ್ಲಿ ಟಾಟನ್‌ಹ್ಯಾಮ್‌ನ ಬ್ರೆನನ್ ಜಾನ್ಸನ್ ಹೆಸರಿಗೆ ಒಂದು ಗೋಲು ಸೇರಿತು. ದ್ವಿತೀಯಾರ್ಧದಲ್ಲಿ ಯುನೈಟೆಡ್‌ನ ಹೊಯ್ಲುಂಡ್ ತಲೆಯಿಂದ ಹೊಡೆದ ಚೆಂಡು ಇನ್ನೇನು ಗೋಲಿನೊಳಗೆ ಹೋಗಬೇಕು, ಅಷ್ಟರಲ್ಲಿ ಡಿಫೆಂಡರ್ ವಾನ್ ಡೆ ವೆನ್ ಗಾಳಿಯಲ್ಲಿ ಹಾರಿ, ಗೆರೆಯ ಹತ್ತಿರದಿಂದ ಅದನ್ನು ಒದ್ದು ಹೊರಗೆ ಹಾಕಿದರು. ಟಾಟನ್‌ಹ್ಯಾಮ್ 1–0ಯಿಂದ ಗೆದ್ದಿತು. 17 ವರ್ಷಗಳ ನಂತರ ಕ್ಲಬ್‌ಗೆ ಒಂದು ಟ್ರೋಫಿ. ಜೊತೆಗೆ ಚಾಂಪಿಯನ್ಸ್ ಲೀಗ್‌ಗೆ ಪ್ರವೇಶ. ಜೂನ್ 6ರಂದು ಮ್ಯಾನೇಜರ್, ಅಂದರೆ ತಂಡದ ಮುಖ್ಯ ಕೋಚ್, ಆಂಜ್ ಪೋಸ್ಟೆಕೊಗ್ಲು ಅವರನ್ನು ಕ್ಲಬ್ ಕೆಲಸದಿಂದ ತೆಗೆಯಿತು.

ಕಾರಣ ಎಲ್ಲರಿಗೂ ಕಾಣುತ್ತಿತ್ತು. ಇಂಗ್ಲೆಂಡ್‌ನ 20 ತಂಡಗಳ ಪ್ರೀಮಿಯರ್ ಲೀಗ್‌ನಲ್ಲಿ ತಂಡ 38ರಲ್ಲಿ 22 ಪಂದ್ಯ ಸೋತು, 38 ಅಂಕ ಪಡೆದು 17ನೇ ಸ್ಥಾನಕ್ಕೆ ಇಳಿದಿತ್ತು. ಒಬ್ಬರೇ ಮನುಷ್ಯ, ಒಂದೇ ಸೀಸನ್. ಒಂದು ಕಡೆಯಿಂದ ನೋಡಿದರೆ ಹೀರೋ, ಇನ್ನೊಂದು ಕಡೆಯಿಂದ ನೋಡಿದರೆ ಫೇಲ್. ಆ ಚೆಂಡು ಗೆರೆ ದಾಟಿದ್ದರೆ? ಪೋಸ್ಟೆಕೊಗ್ಲು ಅವರ ಸಾಮರ್ಥ್ಯ ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. ಆದರೆ ಅವರ ಬಗ್ಗೆ ನಾವು ಆಡುವ ಮಾತು ಪೂರ್ತಿ ಬದಲಾಗುತ್ತಿತ್ತು.

ಪ್ರತಿ ಮೇ ತಿಂಗಳಲ್ಲಿ ಇದೇ ನಡೆಯುತ್ತದೆ. ಅಂಕಪಟ್ಟಿ ಮುಂದೆ ಇಟ್ಟುಕೊಂಡು, ಯಾರು ಒಳ್ಳೆಯ ಮ್ಯಾನೇಜರ್, ಯಾರ ದುಡ್ಡು ನೀರಲ್ಲಿ ಹೋಯಿತು ಅಂತ ತೀರ್ಪು ಕೊಡುತ್ತೇವೆ. ಅಂಕಪಟ್ಟಿ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಈ ಪ್ರಶ್ನೆಗೆ ಉತ್ತರಿಸುವಷ್ಟು ಮಾಹಿತಿ ಅದರಲ್ಲಿ ಇಲ್ಲ. ಯಾಕೆ ಅಂತ ಒಂದು ಲೆಕ್ಕ ಮಾಡಿಯೇ ನೋಡೋಣ.

ಒಂದು ಡಬ್ಬಿಯಲ್ಲಿ 100 ಚೀಟಿ ಹಾಕಿ. 40ರ ಮೇಲೆ ಗೆಲುವು, 25ರ ಮೇಲೆ ಡ್ರಾ, 35ರ ಮೇಲೆ ಸೋಲು ಅಂತ ಬರೆಯಿರಿ. ಇದು ನಮ್ಮ ಮಧ್ಯಮ ದರ್ಜೆಯ ತಂಡ. ಕಣ್ಣು ಮುಚ್ಚಿ ಒಂದು ಚೀಟಿ ಎತ್ತಿ, ನೋಡಿ, ವಾಪಸ್ ಹಾಕಿ. ಹೀಗೆ 38 ಸಲ. ಗೆಲುವಿಗೆ 3, ಡ್ರಾಗೆ 1 ಅಂಕ. ಒಂದು ಚೀಟಿಗೆ ಸರಾಸರಿ 1.45 ಅಂಕ ಸಿಗುತ್ತದೆ, ಅಂದರೆ ಸೀಸನ್‌ಗೆ 55. ಆದರೆ ಪ್ರತಿ ಸಲವೂ 55 ಬರುವುದಿಲ್ಲ, ಅಲ್ವಾ? ಎಷ್ಟು ಏರುಪೇರಾಗಬಹುದು ಅನ್ನುವುದನ್ನು ಸಂಖ್ಯಾಶಾಸ್ತ್ರದಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ಎಂಬ ಅಳತೆ ಹೇಳುತ್ತದೆ. ಒಂದು ಪಂದ್ಯಕ್ಕೆ ಅದು 1.32 ಅಂಕ. 38 ಪಂದ್ಯಕ್ಕೆ ಇದನ್ನು 38ರ ವರ್ಗಮೂಲದಿಂದ ಗುಣಿಸಬೇಕು. ಉತ್ತರ ಸುಮಾರು 8.

ಈ 8ರ ಅರ್ಥ ದೊಡ್ಡದು. ಮೂರರಲ್ಲಿ ಎರಡು ಸಲ ಈ ತಂಡ 47ರಿಂದ 63 ಅಂಕದೊಳಗೆ ಮುಗಿಸುತ್ತದೆ. 2024–25ರ ಅಂಕಪಟ್ಟಿಗೆ ಇದನ್ನು ಹೋಲಿಸಿ. 63 ಅಂಕ ಬಂದಿದ್ದರೆ 8ನೇ ಸ್ಥಾನ. 47 ಬಂದಿದ್ದರೆ 14ನೇ ಸ್ಥಾನ. ಅದೇ ಆಟಗಾರರು, ಅದೇ ಮ್ಯಾನೇಜರ್, ಅದೇ ಡಬ್ಬಿ, ಅದೇ 100 ಚೀಟಿ. 8ನೇ ಸ್ಥಾನ ಬಂದರೆ ಕಾಂಟ್ರ್ಯಾಕ್ಟ್ ಮುಂದುವರಿಯುತ್ತದೆ. 14 ಬಂದರೆ ಕೆಲಸ ಹೋಗಬಹುದು. ಇಷ್ಟೇ ಅಲ್ಲ. 20ರಲ್ಲಿ ಒಂದು ಸಲ ಏರುಪೇರು 16 ಅಂಕವನ್ನೂ ಮೀರುತ್ತದೆ. ಲೀಗ್‌ನಲ್ಲಿ ಇರುವುದೇ 20 ತಂಡ. ಅಂದರೆ ಸರಾಸರಿ ವರ್ಷಕ್ಕೆ ಸುಮಾರು ಒಂದು ತಂಡ ತನ್ನ ನಿಜವಾದ ಯೋಗ್ಯತೆಯಿಂದ ಅಷ್ಟು ದೂರ ಹೋಗಿ ನಿಲ್ಲುತ್ತದೆ. ನಾವು ಅದಕ್ಕೊಂದು ಕಥೆ ಕಟ್ಟುತ್ತೇವೆ.

ನಿಜವಾದ ಪಂದ್ಯಗಳು ಇಷ್ಟು ಸರಳ ಅಲ್ಲ. ತವರಿನ ಅಂಗಳ ಬೇರೆ, ಎದುರಾಳಿ ಬೇರೆ, ಗಾಯ ಬೇರೆ. ಅದನ್ನೆಲ್ಲ ಸೇರಿಸಿದರೂ ಉತ್ತರ 7–8ರ ಹತ್ತಿರವೇ ಇರುತ್ತದೆ. ಫುಟ್‌ಬಾಲ್‌ನಲ್ಲಿ ಗೋಲು ಕಡಿಮೆ. ಒಂದು ಪಂದ್ಯಕ್ಕೆ ಮೂರರ ಆಸುಪಾಸು. ಗೋಲು ಕಡಿಮೆಯಾದಷ್ಟೂ ಒಂದು ತಪ್ಪು, ಗೋಲುಕಂಬಕ್ಕೆ ಬಡಿದ ಒಂದು ಚೆಂಡು, ಒಂದು ಪೆನಾಲ್ಟಿಗೆ ಇಡೀ ಪಂದ್ಯವನ್ನು ತಿರುಗಿಸುವ ಶಕ್ತಿ ಜಾಸ್ತಿ.

ಹಾಗಂತ ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟಲೂ ಆಗುವುದಿಲ್ಲ. ಟಾಟನ್‌ಹ್ಯಾಮ್ ಹಿಂದಿನ ವರ್ಷ ಅದೇ ಮ್ಯಾನೇಜರ್ ಕೈಯಲ್ಲಿ 66 ಅಂಕ ಪಡೆದು 5ನೇ ಸ್ಥಾನದಲ್ಲಿತ್ತು. 28 ಅಂಕದ ಕುಸಿತವನ್ನು ಬರೀ ಚೀಟಿ ಎತ್ತುವ ಆಟ ವಿವರಿಸಲಾರದು. ಗೋಲ್‌ಕೀಪರ್ ಮತ್ತು ಇಬ್ಬರು ಮುಖ್ಯ ಡಿಫೆಂಡರ್‌ಗಳು ತಿಂಗಳುಗಟ್ಟಲೆ ಗಾಯಗೊಂಡು ಕೂತಿದ್ದರು. ಕೊನೆಕೊನೆಗೆ ಲೀಗ್ ಬಿಟ್ಟು ಯೂರೋಪಾ ಕಡೆ ಗಮನ ಹೋಗಿತ್ತು. ಲೆಕ್ಕದಿಂದ ನಮಗೆ ಸಿಗುವ ಉಪಯೋಗ ಇದೇ: ಎಲ್ಲಿಯವರೆಗೆ ಅದೃಷ್ಟ ಅನ್ನಬಹುದು, ಎಲ್ಲಿಂದಾಚೆಗೆ ಬೇರೆ ಕಾರಣ ಹುಡುಕಬೇಕು ಅನ್ನುವ ಗಡಿ ಕಾಣುತ್ತದೆ.

ಇನ್ನು ಸ್ಥಾನದ ವಿಷಯ. ಅದು ಅಂಕಕ್ಕಿಂತಲೂ ಹೆಚ್ಚು ಮೋಸ ಮಾಡುತ್ತದೆ, ಯಾಕೆಂದರೆ ಅದರಲ್ಲಿ ಪಕ್ಕದವರ ಪಾಲೂ ಇದೆ. ಲಿವರ್‌ಪೂಲ್ 2018–19ರಲ್ಲಿ ಯೂರ್ಗೆನ್ ಕ್ಲಾಪ್ ಕೈಯಲ್ಲಿ 97 ಅಂಕ ಪಡೆದು ಎರಡನೇ ಸ್ಥಾನಕ್ಕೆ ತೃಪ್ತಿಪಟ್ಟಿತು, ಮ್ಯಾಂಚೆಸ್ಟರ್ ಸಿಟಿ 98 ಗಳಿಸಿದ್ದರಿಂದ. 2023–24ರಲ್ಲಿ, ಕ್ಲಾಪ್ ಅವರ ಕೊನೆಯ ವರ್ಷ, 82 ಅಂಕ, ಮೂರನೇ ಸ್ಥಾನ. ಮರುವರ್ಷ ಆರ್ನೆ ಸ್ಲಾಟ್ ಬಂದರು. ಹೊಸದಾಗಿ ಬಂದು ಆಡಿದ ಆಟಗಾರ ಅಂದರೆ ಕಿಯೆಸಾ ಒಬ್ಬರೇ. 84 ಅಂಕ. ಚಾಂಪಿಯನ್! ಎರಡೇ ಅಂಕದ ವ್ಯತ್ಯಾಸ. ಸ್ಲಾಟ್ ಅವರ ಕೆಲಸ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಕ್ಲಾಪ್ ಬಿಟ್ಟುಹೋದ ತಂಡವನ್ನು ಕೆಡಿಸದೆ ಮುಂದೆ ಒಯ್ಯುವುದು ಕಷ್ಟದ ಕೆಲಸವೇ. ಆದರೆ ಆ ಕಪ್‌ನಲ್ಲಿ ಸಿಟಿ 91ರಿಂದ 71ಕ್ಕೆ ಜಾರಿದ್ದಕ್ಕೂ ಒಂದು ಪಾಲು ಇದೆ.

ನಮ್ಮ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಸೀಸನ್ ಇನ್ನೂ ಚಿಕ್ಕದು. ಬೆಂಗಳೂರು ಎಫ್‌ಸಿ 2023–24ರಲ್ಲಿ 22 ಪಂದ್ಯ ಆಡಿ 10ನೇ ಸ್ಥಾನದಲ್ಲಿ ಮುಗಿಸಿತು. ಮಧ್ಯದಲ್ಲಿ ಬಂದ ಕೋಚ್ ಜೆರಾರ್ಡ್ ಸರಗೋಸಾ ಅವರನ್ನು ಕ್ಲಬ್ ಉಳಿಸಿಕೊಂಡಿತು. ಮರುವರ್ಷ ಅದೇ ಕೋಚ್ ಕೈಯಲ್ಲಿ ತಂಡ 3ನೇ ಸ್ಥಾನಕ್ಕೆ ಬಂದು ಫೈನಲ್ ಆಡಿತು. ಪಂದ್ಯಗಳು ಕಡಿಮೆ ಇದ್ದಷ್ಟೂ ತೀರ್ಪಿಗೆ ಆತುರ ಪಡಬಾರದು.

ಹಾಗಾದರೆ ಒಂದು ತಂಡದ ನಿಜವಾದ ಯೋಗ್ಯತೆ ಎಷ್ಟು ಅಂತ ತಿಳಿಯುವುದು ಹೇಗೆ? ಒಂದು ಒಳ್ಳೆಯ ಸುಳಿವು ಸಂಬಳದ ಪಟ್ಟಿಯಲ್ಲಿದೆ. ಅರ್ಥಶಾಸ್ತ್ರಜ್ಞ ಸ್ಟೀಫನ್ ಶಿಮಾನ್‌ಸ್ಕಿ 1978ರಿಂದ 1997ರವರೆಗಿನ 40 ಇಂಗ್ಲಿಷ್ ಕ್ಲಬ್‌ಗಳ ಲೆಕ್ಕಪತ್ರ ಜಾಲಾಡಿದರು. ಆ ಇಡೀ ಅವಧಿಯಲ್ಲಿ ಕ್ಲಬ್‌ಗಳ ಸ್ಥಾನದಲ್ಲಿನ ವ್ಯತ್ಯಾಸದ ಶೇ. 92ರಷ್ಟನ್ನು ಆಟಗಾರರ ಸಂಬಳ ಒಂದೇ ವಿವರಿಸಿತು. ಆಟಗಾರರನ್ನು ಕೊಳ್ಳಲು ಸುರಿದ ಟ್ರಾನ್ಸ್‌ಫರ್ ಹಣ ವಿವರಿಸಿದ್ದು ಬರೀ ಶೇ. 16.

ಮೊದಲ ಸಲ ಓದಿದಾಗ ವಿಚಿತ್ರ ಅನ್ನಿಸುತ್ತದೆ. ಪತ್ರಿಕೆಯ ತಲೆಬರಹಕ್ಕೆ ಬರುವುದು ಟ್ರಾನ್ಸ್‌ಫರ್ ಹಣವೇ ತಾನೇ? ಆದರೆ ಯೋಚಿಸಿ. ಟ್ರಾನ್ಸ್‌ಫರ್ ಹಣ ಹಳೆ ಕ್ಲಬ್‌ಗೆ ಹೋಗುತ್ತದೆ. ಆಟಗಾರನ ಕಾಂಟ್ರ್ಯಾಕ್ಟ್ ಎಷ್ಟು ವರ್ಷ ಉಳಿದಿದೆ ಅನ್ನುವುದರ ಮೇಲೂ ಅದು ನಿಂತಿದೆ. ಕಾಂಟ್ರ್ಯಾಕ್ಟ್ ಮುಗಿದಿದ್ದರೆ ಸೊನ್ನೆ. 2024ರಲ್ಲಿ ಎಂಬಾಪೆ ಪ್ಯಾರಿಸ್ ಬಿಟ್ಟು ರಿಯಲ್ ಮ್ಯಾಡ್ರಿಡ್‌ಗೆ ಹೋದಾಗ ಟ್ರಾನ್ಸ್‌ಫರ್ ಹಣ ಒಂದು ಪೈಸೆಯೂ ಇರಲಿಲ್ಲ. ಅವರೇನು ಸಾಧಾರಣ ಆಟಗಾರರಾ? ಸಂಬಳ ಹಾಗಲ್ಲ. ಅದು ಆಟಗಾರನ ಜೇಬಿಗೇ ಹೋಗುತ್ತದೆ. ಚೆನ್ನಾಗಿ ಆಡುವವನು ಜಾಸ್ತಿ ಕೇಳುತ್ತಾನೆ, ಕೊಡದಿದ್ದರೆ ಕೊಡುವ ಕಡೆ ಹೋಗುತ್ತಾನೆ. ಹಾಗಾಗಿ ಸಂಬಳ ಪ್ರತಿಭೆಯ ಹತ್ತಿರದ ಅಳತೆ.

ಇಲ್ಲಿ ಎರಡು ಎಚ್ಚರ ಬೇಕು. 92 ಅನ್ನುವುದು ಹಲವು ವರ್ಷ ಒಟ್ಟುಗೂಡಿಸಿದಾಗ ಬಂದ ಅಂಕಿ. ಒಂದೇ ಸೀಸನ್ ತೆಗೆದುಕೊಂಡರೆ ಸಂಬಂಧ ಸಡಿಲವಾಗುತ್ತದೆ, ಯಾಕೆಂದರೆ ಮೇಲೆ ನೋಡಿದ 8 ಅಂಕದ ಅದೃಷ್ಟ ಮಧ್ಯೆ ಬರುತ್ತದೆ. ಇನ್ನೊಂದು, ಗೆಲ್ಲುವ ಕ್ಲಬ್‌ಗೆ ಆದಾಯ ಜಾಸ್ತಿ, ಆದಾಯ ಬಂದರೆ ಸಂಬಳವೂ ಏರುತ್ತದೆ. ಯಾವುದು ಮೊದಲು ಅಂತ ಪೂರ್ತಿ ಬಿಡಿಸಿ ಹೇಳುವುದು ಕಷ್ಟ. ಆದರೂ ಮ್ಯಾನೇಜರ್ ಬಗ್ಗೆ ಮಾತಾಡುವ ಮೊದಲು, ‘ಈ ಸಂಬಳದ ಪಟ್ಟಿಗೆ ಎಷ್ಟನೇ ಸ್ಥಾನ ನ್ಯಾಯ?’ ಅಂತ ಕೇಳಿಕೊಳ್ಳುವುದು ಒಳ್ಳೆಯದು. ಹತ್ತನೇ ದೊಡ್ಡ ಸಂಬಳದ ತಂಡವನ್ನು ಎಂಟನೇ ಸ್ಥಾನಕ್ಕೆ ವರ್ಷ ವರ್ಷವೂ ತರುವವರು, ನನ್ನ ಮಟ್ಟಿಗೆ, ಅತಿ ದೊಡ್ಡ ಸಂಬಳದ ತಂಡವನ್ನು ಎರಡನೇ ಸ್ಥಾನಕ್ಕೆ ತರುವವರಿಗಿಂತ ಜಾಸ್ತಿ ಕೆಲಸ ಮಾಡಿದ್ದಾರೆ.

ಆಟದ ಒಳಗೇ ನೋಡುವ ಇನ್ನೊಂದು ದಾರಿ ಇದೆ. ಗ್ರಹಾಂ ಪಾಟರ್ ಅವರ ಕಥೆಯಲ್ಲಿ ಅದು ಚೆನ್ನಾಗಿ ಕಾಣುತ್ತದೆ. 2021ರ ಫೆಬ್ರುವರಿ 22ರಂದು ಅವರ ಬ್ರೈಟನ್ ತಂಡ ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ ಆಡಿತು. ಬ್ರೈಟನ್ 25 ಸಲ ಗೋಲಿನತ್ತ ಹೊಡೆಯಿತು. ಪ್ಯಾಲೆಸ್ ಹೊಡೆದದ್ದು ಮೂರೇ ಸಲ. ಪ್ಯಾಲೆಸ್ 2–1ರಿಂದ ಗೆದ್ದಿತು, ಕೊನೆಯ ಗೋಲು 95ನೇ ನಿಮಿಷದಲ್ಲಿ. ಇಂಥ ಪಂದ್ಯಗಳನ್ನು ತೂಗಲು ಬಂದದ್ದೇ ಎಕ್ಸ್‌ಪೆಕ್ಟೆಡ್ ಗೋಲ್ಸ್, ಚಿಕ್ಕದಾಗಿ ಎಕ್ಸ್‌ಜಿ. ಹಿಂದೆ ಆಡಿದ ಸಾವಿರಾರು ಪಂದ್ಯಗಳ ಹೊಡೆತಗಳನ್ನು ಕೂಡಿಸಿಟ್ಟು, ಇಷ್ಟು ದೂರದಿಂದ, ಈ ಕೋನದಿಂದ, ಕಾಲಲ್ಲೋ ತಲೆಯಲ್ಲೋ ಹೊಡೆದ ಚೆಂಡು ನೂರಕ್ಕೆ ಎಷ್ಟು ಸಲ ಗೋಲಾಗುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಪೆನಾಲ್ಟಿ ನಾಲ್ಕರಲ್ಲಿ ಸುಮಾರು ಮೂರು ಸಲ ಗೋಲಾಗುತ್ತದೆ, ಹಾಗಾಗಿ ಅದರ ಬೆಲೆ ಮುಕ್ಕಾಲು ಗೋಲು. ಮೂವತ್ತು ಗಜ ದೂರದ ಹೊಡೆತಕ್ಕೆ ತೀರಾ ಕಡಿಮೆ. ಎಲ್ಲವನ್ನೂ ಕೂಡಿಸಿದರೆ ತಂಡ ಎಷ್ಟು ಒಳ್ಳೆಯ ಅವಕಾಶ ಸೃಷ್ಟಿಸಿತು ಅಂತ ತಿಳಿಯುತ್ತದೆ.

ಆ ಸೀಸನ್‌ನಲ್ಲಿ ಬ್ರೈಟನ್ 40 ಗೋಲು ಹೊಡೆದು, 41 ಅಂಕದಲ್ಲಿ 16ನೇ ಸ್ಥಾನಕ್ಕೆ ನಿಂತಿತು. ಎಕ್ಸ್‌ಜಿ ಪ್ರಕಾರ ಆ ತಂಡ ಇರಬೇಕಾಗಿದ್ದದ್ದು ಅಂಕಪಟ್ಟಿಯ ಮೇಲಿನ ಅರ್ಧದಲ್ಲಿ. ಕ್ಲಬ್ ಪಾಟರ್ ಅವರನ್ನು ಮುಟ್ಟಲಿಲ್ಲ. ಮರುವರ್ಷ 51 ಅಂಕ, 9ನೇ ಸ್ಥಾನ. 2022ರ ಸೆಪ್ಟೆಂಬರ್‌ನಲ್ಲಿ ಚೆಲ್ಸಿ ಎರಡು ಕೋಟಿ ಪೌಂಡ್‌ಗಿಂತ ಜಾಸ್ತಿ ಪರಿಹಾರ ಕೊಟ್ಟು ಅವರನ್ನು ಕರೆದುಕೊಂಡು ಹೋಯಿತು. ಏಳು ತಿಂಗಳೂ ಆಗಿರಲಿಲ್ಲ, 2023ರ ಏಪ್ರಿಲ್ 2ರಂದು ಕೆಲಸದಿಂದ ತೆಗೆಯಿತು.

ಆ ಸೀಸನ್‌ನಲ್ಲಿ ಚೆಲ್ಸಿ ಎರಡು ಟ್ರಾನ್ಸ್‌ಫರ್ ವಿಂಡೋಗಳಲ್ಲಿ, ಅಂದರೆ ಆಟಗಾರರನ್ನು ಕೊಳ್ಳಲು ಅನುಮತಿ ಇರುವ ಅವಧಿಗಳಲ್ಲಿ, ಸುಮಾರು 60 ಕೋಟಿ ಪೌಂಡ್ ಸುರಿದಿತ್ತು. ಸಿಕ್ಕಿದ್ದು 38 ಪಂದ್ಯಕ್ಕೆ 38 ಗೋಲು, 44 ಅಂಕ, 12ನೇ ಸ್ಥಾನ. ಎಕ್ಸ್‌ಜಿ ಲೆಕ್ಕದಲ್ಲಿ ಗೋಲು ಇದಕ್ಕಿಂತ ಸಾಕಷ್ಟು ಜಾಸ್ತಿ ಬರಬೇಕಿತ್ತು. ಆದರೆ ಅಷ್ಟು ಖರ್ಚಿನ ಎದುರು ಅದನ್ನು ಕೇಳುವವರು ಯಾರು?

ಅಷ್ಟು ದುಡ್ಡನ್ನು, ಕ್ಲಬ್‌ಗಳ ನಷ್ಟಕ್ಕೆ ಮಿತಿ ಹಾಕುವ ನಿಯಮದೊಳಗೆ ಕೂರಿಸಿದ್ದು ಹೇಗೆ ಅನ್ನುವುದೂ ನೋಡಬೇಕಾದ ವಿಷಯ. ಲೆಕ್ಕಪುಸ್ತಕದಲ್ಲಿ ಟ್ರಾನ್ಸ್‌ಫರ್ ಹಣವನ್ನು ಒಂದೇ ವರ್ಷದ ಖರ್ಚು ಅಂತ ಬರೆಯುವುದಿಲ್ಲ. ಕಾಂಟ್ರ್ಯಾಕ್ಟ್ ಇರುವಷ್ಟು ವರ್ಷಕ್ಕೆ ಹಂಚುತ್ತಾರೆ. ಎಂಜೊ ಫರ್ನಾಂಡಿಸ್ ಅವರಿಗೆ 10.68 ಕೋಟಿ ಪೌಂಡ್ ಕೊಟ್ಟು, ಎಂಟೂವರೆ ವರ್ಷದ ಕಾಂಟ್ರ್ಯಾಕ್ಟ್ ಬರೆಸಿಕೊಂಡರು. ವರ್ಷಕ್ಕೆ ಸುಮಾರು 1.26 ಕೋಟಿ. ಐದೇ ವರ್ಷ ಆಗಿದ್ದರೆ 2.14 ಕೋಟಿ ಆಗುತ್ತಿತ್ತು. ಆಮೇಲೆ ಯೂರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ, ಅದರ ಹಿಂದೆಯೇ ಪ್ರೀಮಿಯರ್ ಲೀಗ್, ಎಷ್ಟೇ ಉದ್ದದ ಕಾಂಟ್ರ್ಯಾಕ್ಟ್ ಇದ್ದರೂ ಐದು ವರ್ಷಕ್ಕಿಂತ ಜಾಸ್ತಿ ಹಂಚುವಂತಿಲ್ಲ ಅಂತ ನಿಯಮ ತಂದವು. ಹಾಗಾಗಿ ಒಂದು ಬೇಸಿಗೆಯ ಖರ್ಚನ್ನು ಅದೇ ಸೀಸನ್‌ನ ಸ್ಥಾನದ ಪಕ್ಕದಲ್ಲಿಟ್ಟು ‘ದುಡ್ಡು ದಂಡ’ ಅನ್ನುವುದು ತಪ್ಪು ಲೆಕ್ಕ. 22 ವರ್ಷದ ಆಟಗಾರನ ಮೇಲೆ ಹಾಕಿದ ದುಡ್ಡಿನ ಫಲ ಮೂರು–ನಾಲ್ಕು ವರ್ಷದ ನಂತರ ತಿಳಿಯುತ್ತದೆ. ಅಷ್ಟು ಹೊತ್ತಿಗೆ ಮ್ಯಾನೇಜರ್ ಬೇರೆಯವರಾಗಿರುತ್ತಾರೆ.

ಮ್ಯಾನೇಜರ್ ಬದಲಿಸಿದ ಕೂಡಲೇ ತಂಡ ಗೆಲ್ಲಲು ಶುರುಮಾಡುತ್ತದಲ್ಲ, ಅದಕ್ಕೇನು ಹೇಳುತ್ತೀರಿ ಅಂತ ಕೇಳಬಹುದು. ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್ ಇದನ್ನೇ ಪರೀಕ್ಷಿಸಿದರು. 1986ರಿಂದ 2004ರವರೆಗಿನ ಡಚ್ ಲೀಗ್ ತೆಗೆದುಕೊಂಡು, ಮ್ಯಾನೇಜರ್ ಬದಲಿಸಿದ ತಂಡಗಳನ್ನು ಅಷ್ಟೇ ಕೆಟ್ಟದಾಗಿ ಸೋತರೂ ಬದಲಿಸದೆ ಇದ್ದ ತಂಡಗಳ ಜೊತೆ ಹೋಲಿಸಿದರು. ಬದಲಿಸಿದವರು ಸುಧಾರಿಸಿದ್ದರು. ಬದಲಿಸದವರೂ ಸುಧಾರಿಸಿದ್ದರು! ಸತತ ಸೋಲಿನಲ್ಲಿ ದುರದೃಷ್ಟದ ಪಾಲು ಇದ್ದೇ ಇರುತ್ತದೆ. ದುರದೃಷ್ಟ ಹಾಗೇ ಮುಂದುವರಿಯುವುದಿಲ್ಲ. ತಂಡ ತನ್ನ ಸರಾಸರಿಯ ಕಡೆ ತಾನೇ ಮರಳುತ್ತದೆ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರದಲ್ಲಿ ಕಂಡದ್ದೂ ಇದೇ ಮರಳುವಿಕೆ. ಹೆಸರು ಮಾತ್ರ ಹೊಸ ಮ್ಯಾನೇಜರ್‌ಗೆ ಬರುತ್ತದೆ, ಕೆಟ್ಟ ಹೆಸರು ಹಳಬರಿಗೆ ಉಳಿಯುತ್ತದೆ. ನನಗೆ ಇದು ನಿಜಕ್ಕೂ ಅನ್ಯಾಯ ಅನ್ನಿಸುತ್ತದೆ.

ಲೆಸ್ಟರ್ ಸಿಟಿಯನ್ನೇ ನೋಡಿ. 2014–15ರಲ್ಲಿ 41 ಅಂಕ, 14ನೇ ಸ್ಥಾನ. ಮರುವರ್ಷ ಕ್ಲಾಡಿಯೊ ರನಿಯೇರಿ ಬಂದರು. ಸಂಬಳದಲ್ಲಿ ಲೀಗ್‌ನ ಕೆಳಗಿನ ಅರ್ಧದಲ್ಲಿದ್ದ ತಂಡ 81 ಅಂಕ ಪಡೆದು ಚಾಂಪಿಯನ್ ಆಯಿತು. ಬೆಟ್ಟಿಂಗ್‌ನವರು ಅದಕ್ಕೆ ಕೊಟ್ಟಿದ್ದ ದರ 5000ಕ್ಕೆ 1. ಆ ಬೇಸಿಗೆಯಲ್ಲಿ ತಂಡದ ಮಿಡ್‌ಫೀಲ್ಡರ್ ಎನ್‌ಗೊಲೊ ಕಾಂಟೆ ಚೆಲ್ಸಿಗೆ ಹೋದರು. ಫೆಬ್ರುವರಿ ಹೊತ್ತಿಗೆ ತಂಡ 17ನೇ ಸ್ಥಾನಕ್ಕೆ ಬಿದ್ದಿತ್ತು, 2017ರ ಫೆಬ್ರುವರಿ 23ರಂದು ರನಿಯೇರಿ ಅವರನ್ನು ತೆಗೆದರು. ಅವರ ಸಹಾಯಕ ಕ್ರೇಗ್ ಶೇಕ್ಸ್‌ಪಿಯರ್ ಜವಾಬ್ದಾರಿ ಹೊತ್ತರು. ಲೀಗ್‌ನ ಮೊದಲ ಐದೂ ಪಂದ್ಯ ಗೆದ್ದರು. ಸೀಸನ್ 44 ಅಂಕ, 12ನೇ ಸ್ಥಾನದಲ್ಲಿ ಮುಗಿಯಿತು. ಜೂನ್‌ನಲ್ಲಿ ಕೆಲಸ ಕಾಯಂ ಆಯಿತು. ಅಕ್ಟೋಬರ್‌ನಲ್ಲಿ ಅವರನ್ನೂ ತೆಗೆದರು, ತಂಡ ಆಗ 18ನೇ ಸ್ಥಾನದಲ್ಲಿತ್ತು. ಆಮೇಲೆ ಕ್ಲೋಡ್ ಪ್ಯುಯೆಲ್ ಬಂದರು. 2018ರ ಮೇನಲ್ಲಿ ಲೆಸ್ಟರ್ 47 ಅಂಕ ಪಡೆದು 9ನೇ ಸ್ಥಾನದಲ್ಲಿ ನಿಂತಿತು.