ಕೋಳಿ ಸುಕ್ಕ ಆಗುತ್ತದೆ, ಲಿವರ್ ಮಾತ್ರ ಆಗುವುದಿಲ್ಲ: ಈ ಹೇಸಿಗೆ ಹೋಗುತ್ತದೆಯೇ?

ಪ್ರಶ್ನೆ: ಕೋಳಿ ಸುಕ್ಕ, ಬಂಗುಡೆ ಪುಳಿಮುಂಚಿ ಎಲ್ಲ ಖುಷಿಯಲ್ಲಿ ತಿನ್ನುತ್ತೇನೆ. ಆದರೆ ಲಿವರ್, ಕಿಡ್ನಿ, ಬೋಟಿ ಕಂಡರೆ ಹೊಟ್ಟೆ ತೊಳಸಿ ಬರುತ್ತದೆ. ಮದುವೆಯಾಗಿ ಬಂದ ಮನೆಯಲ್ಲಿ ಇದನ್ನೆಲ್ಲ ವಿಶೇಷ ಅಂತ ಮಾಡಿ ಬಡಿಸುತ್ತಾರೆ, ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಈ ಹೇಸಿಗೆ ಹೋಗಲಿಕ್ಕೆ ಉಂಟಾ? ಹೋಗದಿದ್ದರೆ ಏನು ಮಾಡುವುದು? (ಸುರತ್ಕಲ್‌ನ ಓದುಗರೊಬ್ಬರು)

ಹೆಚ್ಚಿನವರಿಗೆ ಹೋಗುತ್ತದೆ. ಪೂರ್ತಿ ಹೋಗದವರಿಗೂ ಕಡಿಮೆಯಂತೂ ಆಗುತ್ತದೆ. ಆದರೆ ಕಣ್ಣುಮುಚ್ಚಿ ನುಂಗಿ ಗೆಲ್ಲುವಂಥದ್ದಲ್ಲ ಇದು. ಒತ್ತಾಯಕ್ಕೆ ನುಂಗಿದ್ದು ಒಮ್ಮೆ ವಾಂತಿಯಾಯಿತೆಂದರೆ ಆಮೇಲೆ ಅದರ ಪರಿಮಳಕ್ಕೇ ವಾಕರಿಕೆ ಬರತೊಡಗುತ್ತದೆ, ಕೆಲವರಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಮೊದಲು ನಿಮಗೆ ಆಗದಿರುವುದು ಯಾವುದೆಂದು ಬೇರೆ ಮಾಡಿ ನೋಡಿಕೊಳ್ಳಿ. ಕೆಲವರಿಗೆ ವಾಸನೆ ಆಗುವುದಿಲ್ಲ. ಕೆಲವರಿಗೆ ಹಲ್ಲಿಗೆ ಸಿಗುವ ಹದ ಆಗುವುದಿಲ್ಲ, ಲಿವರ್‌ನ ಹಿಟ್ಟುಹಿಟ್ಟು ಅಥವಾ ಬೋಟಿಯ ರಬ್ಬರಿನಂಥ ಎಳೆತ. ಇವೆರಡೂ ಬಹುಪಾಲು ಅಡುಗೆಯ ತಪ್ಪುಗಳು, ಅಡುಗೆಮನೆಯಲ್ಲೇ ಸರಿಯಾಗುತ್ತವೆ. ಮೂರನೆಯದು ಬೇರೆ: ರುಚಿ, ಹದ ಎಲ್ಲ ಸರಿಯಿದ್ದರೂ 'ಇದು ಲಿವರ್' ಎಂದು ಗೊತ್ತಾದ ಕ್ಷಣ ಗಂಟಲು ಕಟ್ಟುವುದು. ಅದು ವಿಚಾರದ ಹೇಸಿಗೆ.

ನಮ್ಮ ಕರಾವಳಿಯ ಊಟವನ್ನೇ ನೋಡಿ. ಮರುವಾಯಿ ಸುಕ್ಕ ಮಾಡುವಾಗ ಚಿಪ್ಪು ಬಿಡಿಸಿ ಒಳಗಿನ ಜೀವವನ್ನು ಇಡಿಯಾಗಿ ಬೇಯಿಸುತ್ತೇವೆ. ಅದರ ಹೊಟ್ಟೆ, ಕರುಳು ಎಲ್ಲ ಅದರಲ್ಲೇ ಇರುತ್ತದೆ. ಮೀನಿನ ಮೊಟ್ಟೆ ಎಂದು ಆಸೆಯಿಂದ ಕಾಯಿಸಿ ತಿನ್ನುವುದು ಮೀನಿನ ಅಂಡಾಶಯವನ್ನೇ. ಅಂಜಲ್ ತಲೆಯ ಸಾರಿನಲ್ಲಿ ಕಣ್ಣಿನ ಸುತ್ತಲಿನ ಮೆತ್ತಗಿನ ಭಾಗಕ್ಕಾಗಿ ಮನೆಯವರಲ್ಲಿ ಪೈಪೋಟಿ. ಇವನ್ನೆಲ್ಲ ತಿನ್ನುವ ನಾಲಿಗೆಯೇ ಆಡಿನ ಲಿವರ್‌ಗೆ ಹಿಂದೆ ಸರಿಯುತ್ತದೆ ಎಂದರೆ ಆಗದಿರುವುದು 'ಅಂಗ' ಅಲ್ಲ. ಆ ಅಂಗ ನಮ್ಮ ಮೈಯೊಳಗೂ ಇದೆ ಎಂಬ ನೆನಪು, ಅದರ ಜೊತೆ ರಕ್ತ, ಮಲ, ಮೂತ್ರದ ನಂಟು. ಕಿಡ್ನಿ, ಕರುಳು, ಮಿದುಳು ಲಿವರ್‌ಗಿಂತ ಕಷ್ಟವಾಗುವುದು ಅದಕ್ಕೇ.

ಈ ನಂಟು ಎಷ್ಟು ಗಟ್ಟಿ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಜೊತೆಗಾರರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೋರಿಸಿದರು. ಕ್ರಿಮಿಗಳಿಲ್ಲದಂತೆ ಶುದ್ಧಿ ಮಾಡಿದ ಸತ್ತ ಜಿರಳೆಯನ್ನು ಹಣ್ಣಿನ ರಸದಲ್ಲಿ ಅದ್ದಿ ತೆಗೆದರು. ಅಪಾಯವಿಲ್ಲ ಎಂದು ಗೊತ್ತಿದ್ದರೂ ಜನರಿಗೆ ಆ ರಸ ಬೇಡವಾಯಿತು. ಆದ್ದರಿಂದ 'ಲಿವರ್‌ನಲ್ಲಿ ಒಳ್ಳೆ ಕಬ್ಬಿಣಾಂಶ ಉಂಟು, ತಿನ್ನು' ಎಂದು ಮನೆಯವರು ಹೇಳಿದ್ದರಿಂದ ಗಂಟಲು ಸಡಿಲವಾಗಲಿಲ್ಲವೆಂದರೆ ನಿಮ್ಮದು ಹಠವಲ್ಲ. ಹೇಸಿಗೆ ವಾದಕ್ಕೆ ಬಗ್ಗುವುದಿಲ್ಲ, ರೂಢಿಗೆ ಬಗ್ಗುತ್ತದೆ.

ಹಿಂದಿನವರಿಗೆ ಈ ರೂಢಿ ಕೇಳದೆಯೇ ಸಿಗುತ್ತಿತ್ತು. ಊರಿನ ಕೋಳಿಯನ್ನು ಮನೆಯಂಗಳದಲ್ಲೇ ಕೊಯ್ದು, ಬಿಸಿನೀರಿನಲ್ಲಿ ಅದ್ದಿ ಪುಕ್ಕ ಕಿತ್ತು, ಬೆಂಕಿಯಲ್ಲಿ ಸವರಿ, ಹೊಟ್ಟೆ ಬಿಚ್ಚಿ ಯಾವುದು ಏನು ಎಂದು ನೋಡುತ್ತ ಮಕ್ಕಳು ಬೆಳೆಯುತ್ತಿದ್ದರು. ಈಗ ಕೋಳಿ ಅಂಗಡಿಯಲ್ಲಿ ಚರ್ಮ ಸುಲಿದು, ಕರಿಗೆ ಬೇಕಾದಂತೆ ತುಂಡು ಮಾಡಿ, ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕೊಡುತ್ತಾರೆ. ಫ್ಲಾಟಿನ ಅಡುಗೆಮನೆಗೆ ಬರುವಾಗ ಅದು ಪ್ರಾಣಿಯಲ್ಲ, ಬರೀ ಮಾಂಸ. ಲಿವರ್ ತುಂಡೊಂದೇ ಅದು ಏನಾಗಿತ್ತು ಎಂಬುದನ್ನು ಹೇಳಿಬಿಡುತ್ತದೆ. ಯುರೋಪಿನಲ್ಲೂ ಇದೇ ನಡೆದಿದೆ. ಒಂದು ಕಾಲದಲ್ಲಿ ಇಡೀ ಪ್ರಾಣಿಯನ್ನು ಊಟದ ಮೇಜಿಗೇ ತಂದು ಎಲ್ಲರೆದುರು ಕತ್ತರಿಸಿ ಹಂಚುವುದು ದೊಡ್ಡಮನೆಗಳಲ್ಲಿ ಮರ್ಯಾದೆಯ ಕೆಲಸವಾಗಿತ್ತು, ಮುಂದೆ ಅದೇ ಕೆಲಸ ಅಡುಗೆಮನೆಗೂ ಕಸಾಯಿಯವರ ಅಂಗಡಿಗೂ ಸರಿಯಿತು. ಅಲ್ಲಿ ತಲೆಮಾರುಗಳು ಹಿಡಿದ ಬದಲಾವಣೆ ನಮ್ಮಲ್ಲಿ ಅತ್ತೆಗೂ ಸೊಸೆಗೂ ನಡುವೆಯೇ ಆಗಿಹೋಗಿದೆ. ಬಡಿಸುವವರಿಗೆ ಅದು ಪ್ರೀತಿಯ ತುಂಡು, ತಿನ್ನುವವರಿಗೆ ಕಸದ ಭಾಗ. ಜಗಳ ಹುಟ್ಟುವುದು ಇಲ್ಲಿಂದ. ಇಬ್ಬರದೂ ತಪ್ಪಿಲ್ಲ.

ರೂಢಿ ಬದಲಾಗುವುದು ಹೇಗೆಂದು ತೋರಿಸಿದ ಇನ್ನೊಂದು ಪ್ರಯೋಗವೂ ಇದೇ ವಿಷಯದ್ದು. ಎರಡನೇ ಮಹಾಯುದ್ಧದ ವೇಳೆ ಅಮೆರಿಕದಲ್ಲಿ ಮಾಂಸ ಕೊರತೆಯಾದಾಗ ಗೃಹಿಣಿಯರು ಹೃದಯ, ಕಿಡ್ನಿಯಂಥ ಭಾಗಗಳನ್ನು ಅಡುಗೆಗೆ ಬಳಸಬೇಕೆಂದು ಸರಕಾರ ಬಯಸಿತು. ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರು ಕೆಲವು ಗುಂಪುಗಳಿಗೆ ಉಪನ್ಯಾಸ ಕೊಡಿಸಿದರು, ಉಳಿದ ಗುಂಪುಗಳನ್ನು ಕೂರಿಸಿ ವಾಸನೆ, ಗಂಡಂದಿರ ಗೊಣಗಾಟ ಎಲ್ಲ ಮಾತಾಡಿಸಿ ತಾವೇ ತೀರ್ಮಾನಕ್ಕೆ ಬರುವಂತೆ ಮಾಡಿದರು. ಉಪನ್ಯಾಸ ಕೇಳಿದವರಲ್ಲಿ ಹಿಂದೆಂದೂ ಬಡಿಸದ ಭಾಗವನ್ನು ಬಡಿಸಿದವರು ಶೇ. 3. ಕೂತು ಮಾತಾಡಿ ತೀರ್ಮಾನಿಸಿದವರಲ್ಲಿ ಶೇ. 32. ನಿಮ್ಮ ಮನೆಯಲ್ಲೂ ಹಾಗೇ ಮಾಡಿ. ಇಂಥ ಭಾನುವಾರ, ಇಷ್ಟೇ ಲಿವರ್, ಹೀಗೆ ಮಾಡುವುದು ಎಂದು ಅತ್ತೆಯವರ ಜೊತೆ ಕೂತು ನೀವೇ ನಿಗದಿ ಮಾಡಿ, ತೊಳೆಯುವುದರಿಂದ ಹಿಡಿದು ಕೈ ಹಾಕಿ. ಕೈಗೆ ಅಭ್ಯಾಸವಾದದ್ದು ಬಾಯಿಗೆ ಬೇಗ ಒಗ್ಗುತ್ತದೆ.

ಶುರು ಮಾಡಲು ಕೋಳಿ ಲಿವರ್ ಒಳ್ಳೆಯದು. ಆಡಿನದಕ್ಕಿಂತ ವಾಸನೆ ಸೌಮ್ಯ, ಬೇಗ ಬೇಯುತ್ತದೆ. ಕೊಳ್ಳುವಾಗ ಕೆಂಗಂದು ಬಣ್ಣ, ಹೊಳಪು, ಒತ್ತಿದರೆ ಗಟ್ಟಿತನ ಇರಬೇಕು. ಹುಳಿ ವಾಸನೆ ಬಂದರೆ ಬೇಡ. ಅಂದೇ ತಂದು ಅಂದೇ ಮಾಡಿ, ಫ್ರಿಜ್ಜಿನಲ್ಲಿ ಇಟ್ಟರೂ ಮರುದಿನ ದಾಟಿಸಬೇಡಿ.

ಮನೆಗೆ ತಂದ ಮೇಲೆ ಮೊದಲ ಕೆಲಸ ಪಿತ್ತ ನೋಡುವುದು. ಲಿವರ್‌ಗೆ ಅಂಟಿಕೊಂಡ ಹಸಿರು ಚೀಲ ಸಾಮಾನ್ಯವಾಗಿ ಅಂಗಡಿಯಲ್ಲೇ ಹೋಗಿರುತ್ತದೆ, ಆದರೆ ತೆಗೆಯುವಾಗ ಒಡೆದಿದ್ದರೆ ಅಲ್ಲಲ್ಲಿ ಹಸಿರು ಕಲೆ ಉಳಿಯುತ್ತದೆ. ಆ ಕಹಿ ಎಷ್ಟು ತೊಳೆದರೂ ಹೋಗುವುದಿಲ್ಲ. ಹಸಿರಾದ ಭಾಗವನ್ನು ಸುತ್ತಲಿನ ಸ್ವಲ್ಪ ಮಾಂಸದ ಸಮೇತ ಕತ್ತರಿಸಿ ಬಿಸಾಡಿ. 'ಲಿವರ್ ಎಂದರೆ ಕಹಿ' ಎನ್ನುವವರಲ್ಲಿ ಎಷ್ಟೋ ಮಂದಿ ತಿಂದಿರುವುದು ಲಿವರ್‌ನ ಕಹಿಯಲ್ಲ, ಪಿತ್ತದ ಕಹಿ. ಬಿಳಿ ನರದಂಥ ಎಳೆಗಳನ್ನೂ ರಕ್ತದ ಗಂಟುಗಳನ್ನೂ ತೆಗೆದು ಒಂದೆರಡು ಸಲ ತಣ್ಣೀರಿನಲ್ಲಿ ತೊಳೆಯಿರಿ. ಲಿವರ್ ಮುಳುಗುವಷ್ಟು ಹಾಲಿನಲ್ಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಹಾಲನ್ನು ಚೆಲ್ಲಿ, ಸೋಸುಬುಟ್ಟಿಯಲ್ಲಿ ನೀರು ಪೂರ್ತಿ ಇಳಿಯಲು ಬಿಡಿ. ನೀರು ಉಳಿದರೆ ಲಿವರ್ ಹುರಿಯುವ ಬದಲು ಬೇಯುತ್ತದೆ, ಇಡೀ ಮನೆಗೆ ವಾಸನೆ ತುಂಬುತ್ತದೆ.

ಮೊದಲ ಸಲ ಇಡೀ ತಟ್ಟೆ ಲಿವರ್ ಮಾಡಲು ಹೋಗಬೇಡಿ. 400 ಗ್ರಾಂ ಕೋಳಿಯ ಸುಕ್ಕಕ್ಕೆ 100 ಗ್ರಾಂ ಲಿವರ್, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ತುಂಡು. ಇಲ್ಲಿ ಎಲ್ಲರೂ ಮಾಡುವ ತಪ್ಪು, ಲಿವರನ್ನು ಕೋಳಿಯ ಜೊತೆಗೇ ಹಾಕುವುದು. ಕೋಳಿ ಬೇಯಲು 25 ನಿಮಿಷ ಹಿಡಿದರೆ ಇಷ್ಟು ಸಣ್ಣ ಲಿವರ್‌ಗೆ 6ರಿಂದ 8 ನಿಮಿಷ ಸಾಕು. ಅದಕ್ಕಿಂತ ಹೆಚ್ಚು ಬೆಂದರೆ ಅದರ ನೀರೆಲ್ಲ ಹಿಂಡಿಹೋಗಿ ಹಿಟ್ಟು ಹಿಟ್ಟಾಗುತ್ತದೆ, ಕಬ್ಬಿಣದ ವಾಸನೆ ಎದ್ದು ಬರುತ್ತದೆ. ಹಾಗಾಗಿ ಕೋಳಿ ಮುಕ್ಕಾಲು ಬೆಂದ ಮೇಲೆ, ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆಯ ಮಸಾಲೆ ಕುದಿಯುತ್ತಿರುವಾಗ ಲಿವರ್ ಸೇರಿಸಿ, ಅದು ಬೆಂದ ಮೇಲೆ ಕಾಯಿತುರಿ ಹಾಕಿ ಒಣಗಿಸಿ. ಕಾಯಿಯ ತರಿ ಲಿವರ್‌ನ ಮೆತ್ತಗಿನ ಹದವನ್ನು ಮರೆಸುತ್ತದೆ, ಅದಕ್ಕೇ ಸಾರಿಗಿಂತ ಸುಕ್ಕ ಒಳ್ಳೆಯದು. ದೊಡ್ಡ ತುಂಡೊಂದನ್ನು ಕತ್ತರಿಸಿ ನೋಡಿ, ಒಳಗೆ ಕೆಂಪು ರಸ ಇರಬಾರದು. ಕೋಳಿ ಲಿವರ್ ಒಳಗೆ ಗುಲಾಬಿ ಇದ್ದರೆ ರುಚಿ ಎನ್ನುವ ಹೋಟೆಲ್ ಫ್ಯಾಷನ್ ಮನೆಗೆ ಬೇಡವೇ ಬೇಡ. ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಕೋಳಿ ಲಿವರ್‌ನ ಮೇಲ್ಮೈಯಲ್ಲಷ್ಟೇ ಅಲ್ಲ, ಒಳಗೂ ಇರಬಲ್ಲದು. ಅಡುಗೆ ಥರ್ಮಾಮೀಟರ್ ಇದ್ದರೆ ತುಂಡಿನ ನಡುವೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು.

ಒಂದೆರಡು ತುಂಡು ತಿಂದು ನಿಲ್ಲಿಸಿ. ಎರಡು ವಾರ ಬಿಟ್ಟು ಮತ್ತೆ. ಮಕ್ಕಳಿಗೆ ಹೊಸ ಆಹಾರ ಒಗ್ಗಲು 10ರಿಂದ 15 ಸಲ ರುಚಿ ನೋಡಬೇಕಾಗಬಹುದು, ದೊಡ್ಡವರು ಒಂದೇ ಸಲಕ್ಕೆ ಸೋತೆವೆಂದು ತಿಳಿಯುವುದು ಸರಿಯಲ್ಲ. ಆದರೆ ಯಾರಿಗೂ, ಮಕ್ಕಳಿಗಂತೂ ಖಂಡಿತ, ಅರೆದು ಅಡಗಿಸಿ ಹೇಳದೆ ತಿನ್ನಿಸಬೇಡಿ. ಗೊತ್ತಾದ ದಿನ ಲಿವರ್ ಮಾತ್ರವಲ್ಲ, ಬಡಿಸಿದವರ ಕೈಯ ಎಲ್ಲ ಅಡುಗೆಯ ಮೇಲೂ ಅನುಮಾನ ಹುಟ್ಟುತ್ತದೆ.

ಲಿವರ್ ಒಗ್ಗಿದ ಮೇಲೆ ಮುಂದಿನದು ಕೋಳಿಯ ಹೃದಯ ಮತ್ತು ಗಿಝರ್ಡ್ (ಕಾಳು ಅರೆಯುವ ಗಟ್ಟಿ ಹೊಟ್ಟೆ). ಎರಡೂ ಸ್ನಾಯು, ರುಚಿಯಲ್ಲಿ ಮಾಂಸಕ್ಕೇ ಹತ್ತಿರ. ಗಿಝರ್ಡಿನ ಒಳಗಿನ ಹಳದಿ ಪೊರೆ ಪೂರ್ತಿ ಸುಲಿದಿದೆಯೇ ನೋಡಿ, ಉಳಿದರೆ ಮರಳು ಹಲ್ಲಿಗೆ ಸಿಗುತ್ತದೆ. ಲಿವರ್‌ಗೆ ತದ್ವಿರುದ್ಧವಾಗಿ ಇದಕ್ಕೆ ಹೆಚ್ಚು ಹೊತ್ತು ಬೇಕು, ಕುಕ್ಕರಿನಲ್ಲಿ 20ರಿಂದ 25 ನಿಮಿಷ.

ಆಡಿನ ಕಿಡ್ನಿಯ ಮೂತ್ರದ ವಾಸನೆ ಇರುವುದು ನಡುವಿನ ಬಿಳಿ ಭಾಗದ ಸುತ್ತ. ಉದ್ದಕ್ಕೆ ಎರಡು ಹೋಳು ಮಾಡಿ ಬಿಳಿಯದನ್ನು ಕತ್ತರಿಯಿಂದ ಪೂರ್ತಿ ಕತ್ತರಿಸಿ, ಉಪ್ಪು ಮತ್ತು ಲಿಂಬೆರಸದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೀರು ಬದಲಿಸಿ. ಬಿಳಿ ಬಿಟ್ಟು ಎಷ್ಟು ಮಸಾಲೆ ಸುರಿದರೂ ಪ್ರಯೋಜನವಿಲ್ಲ. ಬೋಟಿಯಲ್ಲಿ ಕರುಳನ್ನು ಒಳಗು ಹೊರಗು ಮಾಡಿ ಕಲ್ಲುಪ್ಪು, ಅರಿಶಿನ, ಅಕ್ಕಿಹಿಟ್ಟು ಹಾಕಿ ತಿಕ್ಕಿ, ತೊಳೆದ ನೀರು ತಿಳಿಯಾಗುವ ತನಕ ತೊಳೆಯಬೇಕು. ಹೊಟ್ಟೆಯ ಕಪ್ಪು ಪದರ ಕೆರೆಯಲು ನೀರು ಕೈ ಸುಡುವಷ್ಟು ಬಿಸಿ ಸಾಕು, ಕುದಿಯುತ್ತಿರಬಾರದು. ಕುದಿನೀರಿಗೆ ಹಾಕಿದರೆ ಪದರ ಬಿಗಿದು ಅಂಟಿಕೊಂಡುಬಿಡುತ್ತದೆ, ಚೂರಿಗೆ ಬರುವುದಿಲ್ಲ. ನಮ್ಮ ಕ್ರೈಸ್ತರ ಮನೆಗಳ ಹಂದಿಯ ಕಾಳಿಜ್ ಆಂಕಿಟಿ (ಒಳಗಿನ ಅಂಗಗಳ ಪದಾರ್ಥ) ರುಚಿಯಾಗುವುದು ಮಸಾಲೆಗಿಂತ ಮೊದಲು ಈ ತೊಳೆಯುವ ಕೆಲಸದಿಂದ. ಅಷ್ಟು ಸಮಯ ಇಲ್ಲದ ದಿನ ಬೋಟಿ ತರಲೇಬೇಡಿ.

ಇನ್ನು ಬಡಿಸುವಾಗಿನ ಮಾತು. ಬೇಡ ಎನ್ನುವುದು ಸೌಟು ಬಟ್ಟಲ ಹತ್ತಿರ ಬಂದ ಮೇಲಲ್ಲ, ಅಡುಗೆ ಆಗುವ ಮೊದಲೇ ಆಗಬೇಕು. "ಮಾಮಿ, ನನಗೆ ಇದು ಅಭ್ಯಾಸ ಇಲ್ಲ, ನಿಧಾನಕ್ಕೆ ಮಾಡಿಕೊಳ್ಳುತ್ತೇನೆ, ಇವತ್ತು ಒಂದು ತುಂಡು ಸಾಕು" ಎಂದರೆ ಯಾರಿಗೂ ನೋವಾಗುವುದಿಲ್ಲ. 'ಛೀ', 'ಅಯ್ಯೋ' ಎಂದು ಮೂಗು ಮುಚ್ಚಿಕೊಂಡರೆ ಅದು ಅಡುಗೆಗಲ್ಲ, ಅದನ್ನು ತಿಂದು ಬೆಳೆದ ಇಡೀ ಮನೆಗೆ ಆಡಿದ ಮಾತಾಗುತ್ತದೆ. ಎಲೆಗೆ ಬಿದ್ದದ್ದು ತಿನ್ನಲಾಗದಿದ್ದರೆ ಬದಿಗೆ ಸರಿಸಿ ಸುಮ್ಮನಿರಿ, ವಿವರಣೆ ಬೇಡ. ಬಡಿಸುವವರಿಗೂ ಒಂದು ಮಾತು: ಒಮ್ಮೆ ಬೇಡವೆಂದವರಿಗೆ ಎರಡನೇ ಸಲ ಕೇಳಿ, ಮೂರನೇ ಸಲ ಹಾಕಬೇಡಿ. ಒತ್ತಾಯಿಸಿ ಬಡಿಸುವುದು ಉಪಚಾರ ಎಂಬ ಕಾಲದಲ್ಲಿ ಮನೆಯಲ್ಲಿ ಕೋಳಿ ಅಪರೂಪವಾಗಿತ್ತು. ಈಗ ಹಾಗಿಲ್ಲ.

ಒಗ್ಗಿತು ಎಂದು ದಿನಾ ತಿನ್ನುವಂಥದ್ದೂ ಅಲ್ಲ. ಆಡು, ಕುರಿಯ ಲಿವರ್‌ನಲ್ಲಿ ವಿಟಮಿನ್ ಎ ಎಷ್ಟು ದಟ್ಟವೆಂದರೆ 50 ಗ್ರಾಂ ತಿಂದರೆ ದೊಡ್ಡವರ ದಿನದ ಗರಿಷ್ಠ ಮಿತಿಯಾದ 3,000 ಮೈಕ್ರೋಗ್ರಾಂ ದಾಟಬಹುದು. ವಾರಕ್ಕೊಮ್ಮೆ ಅಷ್ಟು ತಿಂದರೆ ಆರೋಗ್ಯವಂತರಿಗೆ ತೊಂದರೆಯಿಲ್ಲ, ಕಬ್ಬಿಣ, ಫೋಲೇಟ್, ಬಿ12 ಒಟ್ಟಿಗೇ ಸಿಗುತ್ತವೆ. ಗರ್ಭಿಣಿಯರು, ಗರ್ಭ ನಿಲ್ಲಲಿ ಎಂದು ಕಾಯುತ್ತಿರುವವರು ಲಿವರ್ ಬಿಡಬೇಕು, ಹೆಚ್ಚಿನ ವಿಟಮಿನ್ ಎ ಶಿಶುವಿನ ಬೆಳವಣಿಗೆಗೆ ಕೆಡುಕು. ನೀವು ಆ ಹಂತದಲ್ಲಿದ್ದರೆ ಅತ್ತೆಯವರಿಗೆ ಹೇಳಲು ಇದೇ ಸಾಕು. ಗೌಟ್ (ಯೂರಿಕ್ ಆಮ್ಲ ಹೆಚ್ಚಾಗಿ ಕೀಲು ಊದಿ ನೋಯುವ ಕಾಯಿಲೆ) ಇರುವವರಿಗೆ ಲಿವರ್, ಕಿಡ್ನಿ ಎರಡೂ ಯೂರಿಕ್ ಆಮ್ಲ ಏರಿಸುತ್ತವೆ. 'ಲಿವರ್‌ನಲ್ಲಿ ವಿಷವೆಲ್ಲ ಕೂತಿರುತ್ತದೆ' ಎಂಬ ಹೆದರಿಕೆ ಮಾತ್ರ ಸರಿಯಲ್ಲ. ಲಿವರ್ ವಿಷವನ್ನು ಒಡೆದು ಹೊರಗೆ ಕಳಿಸುವ ಅಂಗ, ಕೂಡಿಡುವುದು ಮುಖ್ಯವಾಗಿ ವಿಟಮಿನ್ನು, ಕಬ್ಬಿಣ, ತಾಮ್ರವನ್ನು.

ಆಡು, ಕುರಿಯ ಲಿವರ್ ಕತ್ತರಿಸುವಾಗ ನೀರು ತುಂಬಿದ ಬಿಳಿ ಗುಳ್ಳೆಗಳೋ, ದಪ್ಪಗೆ ಗಟ್ಟಿಯಾದ ನಾಳಗಳೋ, ಅವುಗಳೊಳಗೆ ಎಲೆಯಾಕಾರದ ಚಪ್ಪಟೆ ಹುಳುವೋ ಕಂಡರೆ ಆ ತುಂಡನ್ನಷ್ಟೇ ತೆಗೆದು ಉಳಿದದ್ದನ್ನು ಬೇಯಿಸುವ ಯೋಚನೆ ಮಾಡಬೇಡಿ, ಇಡೀ ಲಿವರ್ ಬಿಡಿ. ಅದನ್ನು ಹಸಿಯಾಗಿ ನಾಯಿಗೂ ಹಾಕಬಾರದು. ಗುಳ್ಳೆಯೊಳಗಿನ ಮರಿಗಳು ನಾಯಿಯ ಕರುಳಿನಲ್ಲಿ ಲಾಡಿಹುಳುವಾಗಿ ಬೆಳೆದು, ಅದರ ಮಲದಲ್ಲಿನ ಮೊಟ್ಟೆಗಳ ಮೂಲಕ ಮನೆಯವರಿಗೇ ಬರುತ್ತವೆ. ಚೆನ್ನಾಗಿ ಕಟ್ಟಿ, ನಾಯಿ ಬೆಕ್ಕು ಎಳೆಯದಂತೆ ವಿಲೇವಾರಿ ಮಾಡಿ, ಹಲಗೆ ಚೂರಿಯನ್ನು ಸೋಪು, ಬಿಸಿನೀರು ಹಾಕಿ ತೊಳೆಯಿರಿ.