ಗೆಳೆಯ 'ನಾಳೆಯಿಂದ ಕುಡಿಯಲ್ಲ' ಅಂದಾಗ ನೀವು ಏನು ಮಾಡಬೇಕು?

ಪ್ರಶ್ನೆ: ಗೆಳೆಯ ಮೂರು ವರ್ಷದಿಂದ ದಿನಾ ಕುಡಿಯುತ್ತಿದ್ದಾನೆ. ಕೆಲಸ ಹೋಯಿತು, ಹೆಂಡತಿ ತವರು ಸೇರಿದ್ದಾರೆ. ಈಗ ತಾನಾಗಿಯೇ 'ನಾಳೆಯಿಂದ ಒಂದು ಹನಿಯೂ ಮುಟ್ಟಲ್ಲ' ಅಂತಿದ್ದಾನೆ. ನನ್ನ ರೂಮಿನಲ್ಲೇ ಒಂದು ವಾರ ಇಟ್ಟುಕೊಂಡು ನೋಡಿಕೊಂಡರೆ ಸಾಕಲ್ಲವೇ?

ಸಾಲದು. ದಿನಾ ಹೆಚ್ಚು ಕುಡಿಯುವವರು ವೈದ್ಯರನ್ನು ಕಾಣದೆ ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು. ಮದ್ಯ ಮಿದುಳನ್ನು ಮಂದ ಮಾಡುತ್ತದೆ. ಅದನ್ನು ಸರಿದೂಗಿಸಲು ಮಿದುಳು ವರ್ಷಗಟ್ಟಲೆ ಹೆಚ್ಚು ಚುರುಕಾಗಿ ಓಡುವುದನ್ನು ರೂಢಿಸಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತಾಗ ಆ ಓಟಕ್ಕೆ ಲಗಾಮು ಇರುವುದಿಲ್ಲ.

ಕೊನೆಯ ಪೆಗ್ ಆದ 6ರಿಂದ 12 ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ, ನಿದ್ದೆ ಹತ್ತುವುದಿಲ್ಲ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ, ಇಲ್ಲದವರ ಜೊತೆ ಮಾತಾಡುತ್ತಾರೆ, ಎಲ್ಲಿದ್ದೇನೆ ಎಂಬುದೇ ತಿಳಿಯುವುದಿಲ್ಲ. ದೆವ್ವ ಮೆಟ್ಟಿದೆ ಎಂದು ತಾಯತ ಕಟ್ಟಿಸಲು ಹೋಗಿ ಹೊತ್ತು ಕಳೆಯುವುದು ಈ ಹಂತದಲ್ಲೇ. ಫಿಟ್ಸೋ ಸನ್ನಿಯೋ, ಕಂಡ ಕೂಡಲೇ 108ಕ್ಕೆ ಕರೆ ಮಾಡಿ. ಫಿಟ್ಸ್ ಬಂದವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಕೈಗೆ ಬೀಗದಕೈ, ಬಾಯಿಗೆ ನೀರು ಅಥವಾ ಚಮಚ, ಯಾವುದೂ ಬೇಡ.

ಹಾಗಾಗಿ ಮೊದಲ ಕೆಲಸ ಮನೋವೈದ್ಯರ ಭೇಟಿ. ಅಲ್ಲಿಯವರೆಗೆ ಅವನು ಏಕಾಏಕಿ ನಿಲ್ಲಿಸದಿರುವುದೇ ಮೇಲು. ಗೆಳೆಯನಾಗಿ ಈ ಮಾತು ಹೇಳಲು ನಾಲಿಗೆ ಹೊರಳದಿರಬಹುದು, ಆದರೂ ಹೇಳಿ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಎಲ್ಲಾದರೂ ಸರಿ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ದಿನಕ್ಕೆ ಎಷ್ಟು, ಕೊನೆಯದಾಗಿ ಕುಡಿದದ್ದು ಎಷ್ಟು ಹೊತ್ತಿಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಕಾಮಾಲೆ ಆಗಿತ್ತೇ, ಬೇರೆ ಮಾತ್ರೆಗಳೇನಿವೆ. 'ಸ್ವಲ್ಪ ಜಾಸ್ತಿ ಕುಡೀತಾನೆ ಡಾಕ್ಟ್ರೇ' ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಕ್ವಾರ್ಟರ್ ಲೆಕ್ಕದಲ್ಲಿ ಹೇಳಿ. ಒಂದು ಕ್ವಾರ್ಟರ್ ವಿಸ್ಕಿ, ಅಂದರೆ 180 ಎಂಎಲ್‌ನಲ್ಲಿ, ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ.

ಸುಸ್ತಾಗಿದ್ದಾನೆಂದು ಬೀದಿ ಬದಿಯ ಕ್ಲಿನಿಕ್‌ನಲ್ಲಿ 'ಒಂದು ಬಾಟ್ಲಿ ಗ್ಲೂಕೋಸ್' ಏರಿಸಿಬಿಡುವ ರೂಢಿಯಿದೆ. ಊಟ ಬಿಟ್ಟು ಕುಡಿಯುವವರಲ್ಲಿ ವಿಟಮಿನ್ ಬಿ1 ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮಿದುಳಿಗೆ ಪೆಟ್ಟಾಗಿ ನೆನಪಿನ ಶಕ್ತಿಯೇ ಹೋಗಬಹುದು. 'ಬಿ1 ಇಂಜೆಕ್ಷನ್ ಕೊಟ್ಟಿದ್ದೀರಾ?' ಎಂದು ಸಂಕೋಚವಿಲ್ಲದೆ ಕೇಳಿ.

ನಡುಕ, ಫಿಟ್ಸ್ ತಡೆಯಲು ವೈದ್ಯರು ಕೊಡುವ ಮಾತ್ರೆಗಳನ್ನು ಸಾಮಾನ್ಯವಾಗಿ ಐದರಿಂದ ಹತ್ತು ದಿನಗಳಲ್ಲಿ ಇಳಿಸುತ್ತಾ ಬಂದು ನಿಲ್ಲಿಸುತ್ತಾರೆ. ಸ್ಟ್ರಿಪ್ ನಿಮ್ಮ ಬಳಿಯೇ ಇರಲಿ. ಆ ಮಾತ್ರೆಗೂ ಚಟ ಹತ್ತುತ್ತದೆ, ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಇನ್ನೊಂದು, ಅವನಿಗೆ ತಿಳಿಯದಂತೆ ಸಾರಿನಲ್ಲಿ 'ಕುಡಿತ ಬಿಡಿಸುವ ಮಾತ್ರೆ' ಬೆರೆಸುವುದು. ದಯವಿಟ್ಟು ಬೇಡ. ಡೈಸಲ್ಫಿರಾಂ ಎಂಬ ಅಂಥ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ವಾಂತಿಯಾಗಿ, ಬಿಪಿ ಕುಸಿದು ಸಾವೂ ಬರಬಹುದು. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಆ ಅಪಾಯ ಇದ್ದೇ ಇರುತ್ತದೆ.

ಆಮೇಲಿನ ತಿಂಗಳುಗಳು ನಿಮ್ಮ ಪಾಲಿಗೆ. ಕೈಗೆ ದುಡ್ಡು ಕೊಡಬೇಡಿ. ಬಾಡಿಗೆಯನ್ನು ಮನೆ ಮಾಲೀಕರಿಗೇ, ಫೀಸನ್ನು ಶಾಲೆಗೇ ಕಟ್ಟಿ. ಅವನ ಪರವಾಗಿ ಯಾರಿಗೂ ಸುಳ್ಳು ಹೇಳಬೇಡಿ. ಸಂಜೆ ಆರರಿಂದ ಒಂಬತ್ತು ಕಷ್ಟದ ಹೊತ್ತು. ಕುಡಿಯಬೇಕೆನ್ನುವ ತುಡಿತ ಹೆಚ್ಚಾಗಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ, ಆ ಹೊತ್ತಿಗೆ ಊಟವೋ ನಡಿಗೆಯೋ ಆಗಿರಲಿ. ಹೊಸ ಕೆಲಸಕ್ಕೆ ಅವಸರ ಬೇಡ. ಸಿಕ್ಕರೆ, ಮೊದಲ ಸಂಬಳದ ದಿನ ಜೊತೆಗಿರಿ. ಹೆಂಡತಿಯನ್ನು ಕರೆತರುವ ರಾಯಭಾರವನ್ನಂತೂ ಈಗಲೇ ಹೊರಬೇಡಿ. ಅದು ಅವರು ತಾವೇ ತೀರ್ಮಾನಿಸಬೇಕಾದದ್ದು. 'ಬದುಕಿ ಏನು ಪ್ರಯೋಜನ' ಎಂಬ ಮಾತು ಬಂದರೆ ಒಬ್ಬನನ್ನೇ ಬಿಡದೆ ಅಂದೇ ವೈದ್ಯರಿಗೆ ತಿಳಿಸಿ.

ಮತ್ತೆ ಕುಡಿದರೆ? ಬಹಳ ಮಂದಿ ಒಮ್ಮೆಯಾದರೂ ಜಾರುತ್ತಾರೆ. ಅಮಲಿನಲ್ಲಿದ್ದಾಗ ಬುದ್ಧಿ ಹೇಳಿ ಫಲವಿಲ್ಲ. ಮರುದಿನ ಬೆಳಿಗ್ಗೆಯೇ ವೈದ್ಯರಿಗೆ ಫೋನ್ ಮಾಡಿಸಿ. ನಾಲ್ಕಾರು ದಿನ ಸತತವಾಗಿ ಕುಡಿದಿದ್ದರೆ ಮತ್ತೆ ದಿಢೀರನೆ ನಿಲ್ಲಿಸಬಾರದು, ಪ್ರತಿ ಸಲವೂ ನಡುಕ, ಫಿಟ್ಸ್ ಹಿಂದಿಗಿಂತ ಜೋರಾಗಿ ಬರುವ ಸಾಧ್ಯತೆ ಇರುತ್ತದೆ.